ರಕ್ತದಲ್ಲಿ ಸಕ್ಕರೆ ಅಂಟಿದ ಎಲ್‌ಡಿಎಲ್ ಅಳೆಯುವುದು: ಲೆಕ್ಕ ತಪ್ಪದ ಹಾಗೆ ಮಾಡುವ ಕ್ರಮ

ಗ್ಲೈಕೇಟೆಡ್ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ, ಸಕ್ಕರೆ ಅಂಟಿದ ಕಣ) ಅಳೆಯಲು ಹೊರಟ ಬೆಂಗಳೂರಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ತಂತ್ರಜ್ಞರು ತಮ್ಮ ಫಲಿತಾಂಶದ ಹಾಳೆಗಳನ್ನು ನನಗೆ ತಂದು ತೋರಿಸುತ್ತಾರೆ. ಹಾಳೆಗಳು ಬೇರೆ ಬೇರೆಯಾದರೂ ಕಾಯಿಲೆ ಒಂದೇ. ಮಧುಮೇಹ ಇಲ್ಲದವರಲ್ಲಿ ಅಂಕಿ ಏರಿರುತ್ತದೆ, ವರ್ಷಗಟ್ಟಲೆ ಸಕ್ಕರೆ ಹತೋಟಿಗೆ ಬಾರದವರಲ್ಲಿ ಇಳಿದಿರುತ್ತದೆ, ಅದೇ ಮಾದರಿಯನ್ನು ಮರುದಿನ ಓಡಿಸಿದರೆ ಮೂರನೆಯ ಅಂಕಿಯೊಂದು ಬರುತ್ತದೆ. ಎಲ್ಲರ ಅನುಮಾನವೂ ಕೊನೆಯ ಎಲೈಸಾ (ಪ್ರತಿಕಾಯಗಳಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ತಟ್ಟೆಯ ಮೇಲೆಯೇ. ತಟ್ಟೆಯಲ್ಲಿ ತಪ್ಪು ಸಿಗುವುದು ಅಪರೂಪ. ಅದು ಸಿಗುವುದು ರಕ್ತ ತೆಗೆದ ಮೊದಲ ಎರಡು ಗಂಟೆಗಳಲ್ಲಿ, ಬಫರ್‌ನ ಪಿಎಚ್‌ನಲ್ಲಿ, ಮತ್ತು ಕಾಲಂಗೆ ಹಾಕಿದ್ದಕ್ಕೂ ಅದರಿಂದ ಹೊರಬಂದದ್ದಕ್ಕೂ ತಾಳೆ ನೋಡದೆ ಬಿಟ್ಟಿದ್ದರಲ್ಲಿ.

ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ವಿವರಿಸುವ ವಿಧಾನ ಬೊರೋನೇಟ್ ಕಾಲಂ (ಸಕ್ಕರೆಯನ್ನು ಹಿಡಿಯುವ ಜೆಲ್ ತುಂಬಿದ ಪುಟ್ಟ ಕೊಳವೆ) ಮತ್ತು ಅಪೊಬಿ (ಎಲ್‌ಡಿಎಲ್ ಕಣದ ಪ್ರೋಟೀನ್) ಎಲೈಸಾ ಸೇರಿದ್ದು. ಸಾಧಾರಣ ಸೌಲಭ್ಯವಿರುವ ಜೀವರಸಾಯನ ವಿಭಾಗವೂ ಇದನ್ನು ಮಾಡಬಹುದು.

ಮೊದಲು ತಿಳಿದಿರಬೇಕಾದದ್ದು: ಯಾವುದು ಎಲ್ಲಿ ಅಂಟುತ್ತದೆ

ಪ್ರತಿ ಎಲ್‌ಡಿಎಲ್ ಕಣದ ಮೇಲೆ ಅಪೊಬಿ-100 ಎಂಬ ಒಂದೇ ಒಂದು ದೊಡ್ಡ ಪ್ರೋಟೀನ್ ಇರುತ್ತದೆ, 4536 ಅಮೈನೋ ಆಮ್ಲಗಳ ಸರಪಳಿ. ಗ್ಲೂಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ಅದರ ಲೈಸೀನ್‌ಗಳಿಗೆ ಅಂಟುತ್ತದೆ. ಮೊದಲು ಉಂಟಾಗುವುದು ಶಿಫ್ ಬೇಸ್ ಎಂಬ ಸಡಿಲ ಬಂಧ. ಗ್ಲೂಕೋಸ್ ಇಳಿದರೆ ಅದು ಬಿಚ್ಚಿಕೊಳ್ಳುತ್ತದೆ. ಸ್ವಲ್ಪ ಕಾಲದಲ್ಲಿ ಅದರದೊಂದು ಭಾಗ ಅಮಡೋರಿ ರೂಪಕ್ಕೆ ತಿರುಗಿ ಗಟ್ಟಿಯಾಗುತ್ತದೆ. ನಾವು ಅಳೆಯಬೇಕಾದದ್ದು ಈ ಗಟ್ಟಿಯಾದ ರೂಪವನ್ನು.

ಎಲ್‌ಡಿಎಲ್ ಕಣ ರಕ್ತದಲ್ಲಿ ಉಳಿಯುವುದು ಕೆಲವೇ ದಿನ. ಎಚ್‌ಬಿಎ1ಸಿ (ಸಕ್ಕರೆ ಅಂಟಿದ ಹಿಮೋಗ್ಲೋಬಿನ್‌ನ ಅಳತೆ) ಎರಡು ಮೂರು ತಿಂಗಳ ಸಕ್ಕರೆಯನ್ನು ಹೇಳಿದರೆ ಇದು ಈ ವಾರದ ಮಾತು. ಎರಡರ ಅಂಕಿಗಳು ಹೊಂದಲಿಲ್ಲವೆಂದು ಗಾಬರಿಯಾಗುವ ಮುನ್ನ ಇದನ್ನು ನೆನೆಯಿರಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ಗ್ಲೈಕೇಶನ್ ಬೇರೆ, ಗ್ಲೈಕೋಸಿಲೇಶನ್ ಬೇರೆ. ಅಪೊಬಿ ಯಕೃತ್ತಿನಲ್ಲಿ ತಯಾರಾಗುವಾಗಲೇ ಕಿಣ್ವಗಳು ಅದಕ್ಕೆ ಸಕ್ಕರೆಯ ಸರಗಳನ್ನು ಜೋಡಿಸಿರುತ್ತವೆ. ಅದು ಎಲ್ಲರಲ್ಲೂ ಇರುವಂಥದ್ದು, ಮಧುಮೇಹಕ್ಕೆ ಸಂಬಂಧಿಸಿದ್ದಲ್ಲ. ಬೊರೋನೇಟ್ ಈ ಸರಗಳನ್ನೂ ಅಲ್ಪಸ್ವಲ್ಪ ಹಿಡಿಯಬಲ್ಲುದು. ತಳಪಾಯದ ಅಂಕಿ ಸೊನ್ನೆಗೆ ಬಾರದಿರಲು ಇದೂ ಒಂದು ಕಾರಣ.

ಬೇಕಾದ ಸಲಕರಣೆ

ಇಡಿಟಿಎ ಟ್ಯೂಬುಗಳು (ನೇರಳೆ ಮುಚ್ಚಳದವು), ತಣ್ಣಗಿನ ಸೆಂಟ್ರಿಫ್ಯೂಜ್, ಮೈನಸ್ 80 ಡಿಗ್ರಿಯ ಫ್ರೀಜರ್, ಅಮೈನೋಫಿನೈಲ್ ಬೊರೋನಿಕ್ ಆಮ್ಲ ಜೋಡಿಸಿದ ಅಗರೋಸ್ ಜೆಲ್, ಪುಟ್ಟ ಖಾಲಿ ಕಾಲಂಗಳು, ಉಪ್ಪು ತೆಗೆಯುವ ಜಿ-25 ಕಾಲಂ, ಎಲೈಸಾ ರೀಡರ್, ಅಪೊಬಿ ಪ್ರತಿಕಾಯಗಳು. ಎಲ್‌ಡಿಎಲ್ ಅನ್ನು ಬೇರ್ಪಡಿಸಿಯೇ ಅಳೆಯುವುದಾದರೆ ಅಲ್ಟ್ರಾಸೆಂಟ್ರಿಫ್ಯೂಜ್ ಕೂಡ ಬೇಕು.

ಪಟ್ಟಿಯಲ್ಲಿ ಎಲ್ಲರೂ ಹಗುರವಾಗಿ ಕಾಣುವುದು ಪಿಎಚ್ ಮೀಟರನ್ನು, ಮತ್ತು ಈ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಸಾಧನವಿಲ್ಲ. ಆ ದಿನವೇ 7 ಮತ್ತು 10ರ ಪ್ರಮಾಣ ದ್ರಾವಣಗಳಿಂದ ಸರಿಹೊಂದಿಸಿ. ನಾವು ಕೆಲಸ ಮಾಡುವ ಪಿಎಚ್ ಆ ಎರಡರ ನಡುವೆ ಬರುತ್ತದೆ. 4 ಮತ್ತು 7ರಿಂದ ಹೊಂದಿಸಿದ ಮೀಟರಿನಿಂದ 8.5 ಅಳೆಯುವುದು ಅಂದಾಜು ಮಾತ್ರ.

ನೀರಿನ ಬಗ್ಗೆ ಎರಡು ಮಾತು. ಬೆಂಗಳೂರಿನ ಹಲವು ಕಟ್ಟಡಗಳಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಗಡಸು ನೀರು ಬಂದ ವಾರ ಶುದ್ಧೀಕರಣ ಯಂತ್ರದ ಕಾರ್ಟ್ರಿಜ್ ಬೇಗ ಸೋಲುತ್ತದೆ. ಕಬ್ಬಿಣ, ತಾಮ್ರದ ಲವಲೇಶ ಸಾಕು, ಎಲ್‌ಡಿಎಲ್ ಆಕ್ಸಿಡೀಕರಣಗೊಳ್ಳಲು. ಯಂತ್ರವು ನೀರಿನ ರೋಧಕತೆಯನ್ನು 18.2 ಮೆಗಾಓಮ್-ಸೆಂಟಿಮೀಟರ್ ತೋರಿಸದ ದಿನ ಬಫರ್ ಮಾಡಬೇಡಿ. ಬೇಸಿಗೆಯಲ್ಲಿ ಟ್ಯಾಂಕರ್ ಹೆಚ್ಚಾದಾಗ ದಿನವೂ ನೋಡಿ ಬರೆದಿಡಿ.

ಹಂತ 1. ಅನುಮತಿ, ಉಪವಾಸ, ರಕ್ತ

ಮನುಷ್ಯರ ಮಾದರಿ ಎಂದ ಮೇಲೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯೂ ದಾನಿಯ ಸಹಿಯೂ ಮೊದಲು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಅದನ್ನು ಓದಿ ಹೇಳಿ.

10ರಿಂದ 12 ಗಂಟೆಯ ಉಪವಾಸ ಬೇಕು. ಊಟವಾದ ಮೇಲೆ ಕರುಳಿನಿಂದ ಬರುವ ಕೊಬ್ಬಿನ ಕಣಗಳು ಪ್ಲಾಸ್ಮಾವನ್ನು ಹಾಲಿನಂತೆ ಮಾಡುತ್ತವೆ, ಮುಂದಿನ ಹಂತಗಳೆಲ್ಲ ಕೆಡುತ್ತವೆ. ನಮ್ಮೂರಿನಲ್ಲಿ ಕೇಳುವ ಕ್ರಮವೂ ಮುಖ್ಯ. "ಏನಾದರೂ ತಿಂದಿದ್ದೀರಾ?" ಎಂದರೆ "ಇಲ್ಲ" ಎಂದೇ ಉತ್ತರ ಬರುತ್ತದೆ, ಏಕೆಂದರೆ ಕಾಫಿಯನ್ನು ಯಾರೂ ತಿಂಡಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. "ಎದ್ದಾಗಿನಿಂದ ನೀರು ಬಿಟ್ಟು ಬೇರೇನು ಕುಡಿದಿರಿ, ಅಮ್ಮಾ?" ಎಂದು ಕೇಳಿ. ಹಾಲು ಸಕ್ಕರೆ ಬೆರೆತ ಒಂದು ಲೋಟ ಕಾಫಿ ಆಗ ಹೊರಬರುತ್ತದೆ. ಬಂದರೆ ಬೈಯದೆ ಇನ್ನೊಂದು ದಿನ ಕೊಡಿ.

ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ರಕ್ತ ತೆಗೆಯುವುದು ಅನುಕೂಲ. ಇಡಿಟಿಎ ಟ್ಯೂಬೇ ಆಗಬೇಕು. ಅದು ಲೋಹದ ಅಯಾನುಗಳನ್ನು ಹಿಡಿದಿಟ್ಟು ಆಕ್ಸಿಡೀಕರಣವನ್ನು ತಡೆಯುತ್ತದೆ. ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಸ್ವತಃ ಎಲ್‌ಡಿಎಲ್‌ಗೆ ಅಂಟುವ ಸಕ್ಕರೆಯ ಸರ. ಗ್ಲೂಕೋಸ್ ಅಳತೆಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಪ್ರತ್ಯೇಕವಾಗಿ ತೆಗೆದುಕೊಳ್ಳಿ. ಸ್ಟ್ಯಾಟಿನ್, ಇನ್ಸುಲಿನ್, ಮೆಟ್‌ಫಾರ್ಮಿನ್ ಮುಂತಾದ ಔಷಧಿಗಳ ಹೆಸರು ಮತ್ತು ಪ್ರಮಾಣವನ್ನು ಆಗಲೇ ಬರೆದುಕೊಳ್ಳಿ. ಆಮೇಲೆ ದೂರವಾಣಿಯಲ್ಲಿ ಕೇಳಿದರೆ ಅರ್ಧ ಜನಕ್ಕೆ ನೆನಪಿರುವುದು ಮಾತ್ರೆಯ ಬಣ್ಣ ಮಾತ್ರ.

ಹಂತ 2. ಮೊದಲ ಎರಡು ಗಂಟೆ

ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಿರುಗಿಸಿ, ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿ. ಫ್ರೀಜರಿನಿಂದ ತೆಗೆದ ಗಟ್ಟಿ ಐಸ್ ಪ್ಯಾಕಿಗೆ ತಾಗಿಸಬೇಡಿ, ತಾಗಿದ ಕಡೆ ರಕ್ತಕಣಗಳು ಒಡೆಯುತ್ತವೆ. ಎರಡು ಗಂಟೆಯೊಳಗೆ 4 ಡಿಗ್ರಿಯಲ್ಲಿ, 1500ರಿಂದ 2000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ.

ಜಯನಗರದಲ್ಲಿ ರಕ್ತ ತೆಗೆದು ಯಲಹಂಕದ ಪ್ರಯೋಗಾಲಯಕ್ಕೆ ಕಳಿಸುವ ಯೋಜನೆಗಳು ಇಲ್ಲೇ ಮುಗ್ಗರಿಸುತ್ತವೆ. ಬೆಳಗಿನ ಹೊತ್ತಿನಲ್ಲಿ ಊರು ದಾಟಲು ಎರಡು ಗಂಟೆ ಹಿಡಿಯುವುದು ಹೊಸದೇನಲ್ಲ, ಪೆಟ್ಟಿಗೆಯ ಮಂಜು ನೀರಾಗಿರುತ್ತದೆ. ರಕ್ತವನ್ನು ಕಳಿಸಬೇಡಿ, ಪ್ಲಾಸ್ಮಾ ಕಳಿಸಿ. ರಕ್ತ ತೆಗೆಯುವ ಜಾಗದಲ್ಲೇ ಒಂದು ಸಣ್ಣ ಸೆಂಟ್ರಿಫ್ಯೂಜ್ ಇಡುವ ಖರ್ಚು, ಕೆಟ್ಟುಹೋಗುವ ನೂರು ಮಾದರಿಗಳ ಖರ್ಚಿಗಿಂತ ಕಡಿಮೆ.

ಪ್ಲಾಸ್ಮಾದ ಬಣ್ಣ ನೋಡಿ. ತಿಳಿ ಹಳದಿ ಸರಿ. ಗುಲಾಬಿ ಕಂಡರೆ ರಕ್ತಕಣಗಳು ಒಡೆದಿವೆ, ಆ ಮಾದರಿಯನ್ನು ಬಿಡಿ. ಗ್ಲೈಕೇಟೆಡ್ ಹಿಮೋಗ್ಲೋಬಿನ್ ಕೂಡ ಬೊರೋನೇಟಿಗೆ ಅಂಟಿ ಜಾಗ ತಿನ್ನುತ್ತದೆ, ಅದರ ಕಬ್ಬಿಣ ಎಲ್‌ಡಿಎಲ್ ಅನ್ನು ಆಕ್ಸಿಡೀಕರಿಸುತ್ತದೆ. ಮೋಡ ಕಟ್ಟಿದಂತೆ ಬಿಳಿಚಿದ್ದರೆ ಉಪವಾಸ ಆಗಿಲ್ಲ, ಇಲ್ಲವೇ ಟ್ರೈಗ್ಲಿಸರೈಡ್ ತುಂಬ ಹೆಚ್ಚಿದೆ.

ಆಯ್ದ ಪ್ಲಾಸ್ಮಾವನ್ನು ಅರ್ಧರ್ಧ ಮಿಲಿಲೀಟರಿನ ಸಣ್ಣ ಕೊಳವೆಗಳಿಗೆ ಹಂಚಿ ಮೈನಸ್ 80ರಲ್ಲಿಡಿ. ಒಂದು ಕೊಳವೆ ಒಂದೇ ಬಾರಿ ಕರಗಬೇಕು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಎಲ್‌ಡಿಎಲ್ ಗುಂಪುಗೂಡಿ ಕಾಲಂನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಂತ 3. ಬಫರ್‌ಗಳು

ಅನೇಕರು ಇದನ್ನು ಕೊನೆಗೆ ಆತುರದಲ್ಲಿ ಮಾಡುತ್ತಾರೆ. ಮಾದರಿ ಕರಗಿಸುವ ಮುನ್ನವೇ ಬಫರ್ ಸಿದ್ಧವಿರಬೇಕು.

ಹಿಡಿಸುವ ಬಫರ್: 250 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್, 50 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಪಿಎಚ್ 8.5.

ಬಿಡಿಸುವ ಬಫರ್: 200 ಮಿಲಿಮೋಲಾರ್ ಸಾರ್ಬಿಟಾಲ್, 100 ಮಿಲಿಮೋಲಾರ್ ಟ್ರಿಸ್, 50 ಮಿಲಿಮೋಲಾರ್ ಇಡಿಟಿಎ, ಪಿಎಚ್ 8.5.

ಬೊರೋನೇಟ್ ಸಕ್ಕರೆಯ ಪಕ್ಕಪಕ್ಕದ ಎರಡು ಹೈಡ್ರಾಕ್ಸಿಲ್‌ಗಳನ್ನು ಹಿಡಿಯುತ್ತದೆ. ಆದರೆ ಹಿಡಿಯಬೇಕಾದರೆ ಕ್ಷಾರೀಯ ವಾತಾವರಣ ಬೇಕು. ಪಿಎಚ್ 7.4ಕ್ಕೆ ಇಳಿದರೆ ಹಿಡಿತ ಸಡಿಲ, ಗ್ಲೈಕೇಟೆಡ್ ಕಣಗಳೂ ತೊಳೆದು ಹೋಗುತ್ತವೆ. ಮಧುಮೇಹಿಯ ಅಂಕಿ ಅಸಂಬದ್ಧವಾಗಿ ಕಡಿಮೆ ಬಂದಾಗ ನಾನು ಮೊದಲು ಕೇಳುವುದು ಬಫರ್ ಯಾವತ್ತು ಮಾಡಿದ್ದು ಎಂದು. ಅಮೋನಿಯಂ ಅಸಿಟೇಟ್‌ನಿಂದ ಅಮೋನಿಯಾ ಹಾರಿಹೋಗುತ್ತಲೇ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಮುಚ್ಚಳ ಸಡಿಲವಾಗಿಟ್ಟ ಬಾಟಲಿಯ ಪಿಎಚ್ ಕೆಲವೇ ದಿನಗಳಲ್ಲಿ ಕೆಳಗಿಳಿದಿರುತ್ತದೆ. ಬಳಸುವ ದಿನ ಬೆಳಿಗ್ಗೆ ಮತ್ತೆ ಅಳೆಯಿರಿ. ಬಾಟಲಿಯ ಮೇಲೆ ಬರೆದ ಅಂಕಿಯನ್ನು ನಂಬಬೇಡಿ.

ಟ್ರಿಸ್ ಬಿಡಿಸುವ ಬಫರ್‌ನಲ್ಲಿ ಮಾತ್ರ ಇರಲಿ. ಅದು ಬೊರೋನೇಟ್ ಜೊತೆ ತಾನೇ ಕೂಡಿಕೊಳ್ಳುವುದರಿಂದ ಹಿಡಿಸುವ ಬಫರ್‌ಗೆ ಸೇರಬಾರದು. ಟ್ರಿಸ್‌ನ ಪಿಎಚ್ ಒಂದು ಡಿಗ್ರಿ ಶಾಖಕ್ಕೆ ಸುಮಾರು 0.03ರಷ್ಟು ಇಳಿಯುತ್ತದೆ. ತಣ್ಣಗಿನ ಕೋಣೆಯಲ್ಲಿ ಹೊಂದಿಸಿ ಹೊರಗೆ ಬಳಸಿದರೆ ಅರ್ಧ ಅಂಕದಷ್ಟು ವ್ಯತ್ಯಾಸ ಬರುತ್ತದೆ. ಕಾಲಂ ಓಡಿಸುವ ಉಷ್ಣತೆಯಲ್ಲೇ ಪಿಎಚ್ ಹೊಂದಿಸಿ.

ಇನ್ನೊಂದು ತಪ್ಪು, ನಮ್ಮ ಪ್ರಯೋಗಾಲಯದಲ್ಲಿ ಒಂದು ವಾರ ನುಂಗಿದ್ದು. ಫಾಸ್ಫೇಟ್ ಬಫರ್‌ನಲ್ಲಿ ಡಯಾಲಿಸಿಸ್ ಮಾಡಿದ (ಪೊರೆಯ ಮೂಲಕ ದ್ರಾವಣ ಬದಲಿಸಿದ) ಎಲ್‌ಡಿಎಲ್ ಅನ್ನು ನೇರವಾಗಿ ಹಿಡಿಸುವ ಬಫರ್‌ಗೆ ಬೆರೆಸಿದೆವು. ಸ್ವಲ್ಪ ಹೊತ್ತಿಗೆ ನುಣ್ಣಗಿನ ಬಿಳಿ ಹರಳು ಕಾಲಂನ ಬಾಯಿ ಕಟ್ಟಿತು. ಎಲ್‌ಡಿಎಲ್ ಕೆಟ್ಟಿತು ಎಂದುಕೊಂಡು ಹೊಸ ಮಾದರಿ ತಂದೆವು, ಮತ್ತೆ ಅದೇ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಕ್ಷಾರೀಯ ದ್ರಾವಣದಲ್ಲಿ ಸೇರಿದರೆ ಹರಳಾಗದೆ ಇರುವುದಿಲ್ಲ, ಮೂತ್ರಕೋಶದ ಕೆಲವು ಕಲ್ಲುಗಳೂ ಇದೇ ವಸ್ತುವಿನವು. ಬೊರೋನೇಟ್ ಕಾಲಂಗೆ ಹೋಗುವ ಮಾದರಿಯಲ್ಲಿ ಫಾಸ್ಫೇಟ್ ಇರಲೇಬಾರದು.

ಹಂತ 4. ಎಲ್‌ಡಿಎಲ್ ಬೇರ್ಪಡಿಸುವುದು, ಅಥವಾ ಬೇರ್ಪಡಿಸದಿರುವುದು

ಇಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ಲದಿದ್ದರೆ ಇಡೀ ಪ್ಲಾಸ್ಮಾವನ್ನೇ ಕಾಲಂಗೆ ಹಾಕಿ ಎರಡೂ ಭಾಗಗಳಲ್ಲಿ ಅಪೊಬಿ ಅಳೆಯಬಹುದು. ಉಪವಾಸದ ಪ್ಲಾಸ್ಮಾದ ಅಪೊಬಿಯಲ್ಲಿ ಬಹುಪಾಲು ಎಲ್‌ಡಿಎಲ್‌ನದೇ ಆದ್ದರಿಂದ ಇದು ನ್ಯಾಯವಾದ ವಿಧಾನ. ಆದರೆ ವರದಿಯಲ್ಲಿ ಅದನ್ನು "ಗ್ಲೈಕೇಟೆಡ್ ಅಪೊಬಿ" ಎಂದೇ ಬರೆಯಿರಿ, ಎಲ್‌ಡಿಎಲ್ ಎನ್ನಬೇಡಿ. ಹೊಸಬರಿಗೆ ನಾನು ಹೇಳುವುದು ಇದೇ ದಾರಿಯನ್ನು. ಕೈ ಕಡಿಮೆ ತಗಲುತ್ತದೆ, ಆಕ್ಸಿಡೀಕರಣಕ್ಕೆ ಕಾಲಾವಕಾಶವೂ ಕಡಿಮೆ.

ಬೇರ್ಪಡಿಸಿಯೇ ಅಳೆಯಬೇಕಾದರೆ ಸಾಂದ್ರತೆ 1.019ರಿಂದ 1.063ರ ನಡುವಿನ ಭಾಗ ಬೇಕು. ಪೊಟ್ಯಾಸಿಯಂ ಬ್ರೋಮೈಡ್‌ನಿಂದ ಸಾಂದ್ರತೆ ಏರಿಸುತ್ತೇವೆ. ಎಷ್ಟು ಗ್ರಾಂ ಹಾಕಬೇಕೆಂಬ ಲೆಕ್ಕ ಹೀಗೆ: ಬೇಕಾದ ಸಾಂದ್ರತೆಯಿಂದ ಈಗಿನ ಸಾಂದ್ರತೆಯನ್ನು ಕಳೆದು, ಮಿಲಿಲೀಟರಿನಲ್ಲಿರುವ ಗಾತ್ರದಿಂದ ಗುಣಿಸಿ, ಬಂದದ್ದನ್ನು 1ರಿಂದ 0.312 ಗುಣಿಸು ಬೇಕಾದ ಸಾಂದ್ರತೆಯನ್ನು ಕಳೆದ ಮೊತ್ತದಿಂದ ಭಾಗಿಸಿ. 1.006ರ ಸಾಂದ್ರತೆ ಎಂದಿಟ್ಟುಕೊಂಡ 4 ಮಿಲಿಲೀಟರ್ ಪ್ಲಾಸ್ಮಾವನ್ನು 1.019ಕ್ಕೆ ಏರಿಸಲು 0.076 ಗ್ರಾಂ ಬೇಕು. ಮೊದಲ ಓಟದಲ್ಲಿ ಮೇಲೆ ತೇಲಿದ್ದನ್ನು ತೆಗೆದು, ಉಳಿದದ್ದನ್ನು ಮತ್ತೆ 4 ಮಿಲಿಲೀಟರಿಗೆ ತಂದರೆ 1.063ಕ್ಕೆ 0.263 ಗ್ರಾಂ. ಬ್ರೋಮೈಡನ್ನು ಓವನ್‌ನಲ್ಲಿ ಒಣಗಿಸಿ ತೂಗಿ. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪುಡಿಯಲ್ಲಿ ನೀರಿನ ತೂಕವೂ ಸೇರಿರುತ್ತದೆ. ಒಂದೇ ಸಲ ಸುರಿಯದೆ ಸ್ವಲ್ಪಸ್ವಲ್ಪವಾಗಿ, ನೊರೆ ಏಳದಂತೆ ಕರಗಿಸಿ.

ಎದುರುಬದುರಿನ ಟ್ಯೂಬುಗಳ ತೂಕ ಸಮವಿರಬೇಕು, ಅವುಗಳಲ್ಲಿನ ದ್ರಾವಣದ ಸಾಂದ್ರತೆಯೂ ಒಂದೇ ಇರಬೇಕು. ನೀರು ತುಂಬಿದ ಟ್ಯೂಬನ್ನು ಬ್ರೋಮೈಡ್ ಟ್ಯೂಬಿನ ಎದುರು ಇಡುವುದು ಅಪಾಯ. ಇಲ್ಲಿ ತಪ್ಪಿದರೆ ಯಂತ್ರವಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಜೀವಕ್ಕೂ ಕುತ್ತು. ಓಟ ರಾತ್ರಿಯಿಡೀ ನಡೆಯುವುದರಿಂದ ವಿದ್ಯುತ್ತಿನ ವಿಚಾರ ಮೊದಲೇ ನೋಡಿ. ನಡುರಾತ್ರಿ ಕರೆಂಟು ಹೋಗಿ ಜನರೇಟರ್ ತಡವಾಗಿ ಎದ್ದರೆ ಪದರಗಳು ಕಲಸಿಹೋಗಿರುತ್ತವೆ, ಬೆಳಿಗ್ಗೆ ಯಂತ್ರ ಮಾತ್ರ ಸರಿಯಾಗಿಯೇ ತಿರುಗುತ್ತಿರುತ್ತದೆ. ಓಟದ ದಾಖಲೆಯಲ್ಲಿ ವೇಗ ಕುಸಿದ ಗುರುತಿದೆಯೇ ನೋಡದೆ ಟ್ಯೂಬ್ ತೆಗೆಯಬೇಡಿ. ನಿಲ್ಲಿಸುವಾಗ ಬ್ರೇಕ್ ಬೇಡ. ಬ್ರೋಮೈಡ್ ತಾಗಿದ ರೋಟರನ್ನು ಅಂದೇ ತೊಳೆದು ಒರಸಿ, ಉಪ್ಪು ಲೋಹವನ್ನು ತಿನ್ನುತ್ತದೆ.

ಮೇಲಿನ ಎಲ್‌ಡಿಎಲ್ ಪಟ್ಟಿ ಹಳದಿ-ಕಿತ್ತಳೆ ಬಣ್ಣದಲ್ಲಿರುತ್ತದೆ. ಆ ಬಣ್ಣ ಕಣದೊಳಗಿನ ಕ್ಯಾರೊಟಿನಾಯ್ಡ್‌ಗಳದು. ಬಣ್ಣ ಮಾಸಿದ್ದರೆ ಆಕ್ಸಿಡೀಕರಣ ಶುರುವಾಗಿದೆ ಎಂದೇ ತಿಳಿಯಿರಿ. ಲಿಪೊಪ್ರೋಟೀನ್(ಎ) ಎಂಬ, ಅಪೊಬಿಯೇ ಇರುವ ಇನ್ನೊಂದು ಕಣ ಕೂಡ ಈ ಭಾಗದ ತಳಭಾಗದಲ್ಲಿ ಸೇರಿಕೊಳ್ಳುತ್ತದೆ. ಅದು ಹೆಚ್ಚಿರುವವರಲ್ಲಿ ಮೇಲಿನ ಮಿತಿಯನ್ನು 1.050ಕ್ಕೆ ಇಳಿಸುವುದು ಉತ್ತಮ.

ಮ್ಯಾಂಗನೀಸ್-ಹೆಪಾರಿನ್ ಅಥವಾ ಫಾಸ್ಫೋಟಂಗ್‌ಸ್ಟೇಟ್ ಹಾಕಿ ಎಲ್‌ಡಿಎಲ್ ಅನ್ನು ಗರಣೆಗಟ್ಟಿಸುವ ಸುಲಭದ ವಿಧಾನ ಈ ಕೆಲಸಕ್ಕೆ ಬೇಡ. ಗರಣೆ ಪೂರ್ತಿ ಕರಗುವುದಿಲ್ಲ, ಕರಗಿದ್ದರಲ್ಲಿ ರಾಸಾಯನಿಕ ಉಳಿದಿರುತ್ತದೆ.

ಹಂತ 5. ಬಿಡಿ ಗ್ಲೂಕೋಸ್ ತೆಗೆಯುವುದು

ಹಲವರು ಮಾಡದೆ ಬಿಟ್ಟೇಬಿಡುವ ಹಂತ ಇದು. ಪ್ಲಾಸ್ಮಾದಲ್ಲಿ ಗ್ಲೂಕೋಸ್ ತೇಲುತ್ತಿರುವಷ್ಟು ಹೊತ್ತು ಸಡಿಲ ಶಿಫ್ ಬೇಸ್ ಹಾಗೇ ಇರುತ್ತದೆ. ಅದು ಅಂದಿನ ಬೆಳಗಿನ ಸಕ್ಕರೆಯ ಲೆಕ್ಕ, ನಮಗೆ ಬೇಡ. ಕಾಲಂನ ಬೊರೋನೇಟನ್ನೂ ಬಿಡಿ ಗ್ಲೂಕೋಸ್ ಆಕ್ರಮಿಸಿಕೊಳ್ಳುತ್ತದೆ. ಹೀಗಾಗಿ ಸಕ್ಕರೆ ಹೆಚ್ಚಿರುವ ರೋಗಿಯಲ್ಲೇ ತಪ್ಪು ಹೆಚ್ಚು.

ಮಾದರಿಯನ್ನು ಜಿ-25 ಕಾಲಂ ಮೂಲಕ ಹಿಡಿಸುವ ಬಫರ್‌ಗೆ ವರ್ಗಾಯಿಸಿ. ಅರ್ಧ ಗಂಟೆಯ ಕೆಲಸ. ಬ್ರೋಮೈಡೂ ಹೋಗುತ್ತದೆ, ಹೆಚ್ಚಿನ ಇಡಿಟಿಎಯೂ ಹೋಗುತ್ತದೆ. ಇಡಿಟಿಎ ಹೆಚ್ಚು ಉಳಿದರೆ ಬಫರ್‌ನ ಮೆಗ್ನೀಸಿಯಂ ಅನ್ನು ನುಂಗುತ್ತದೆ. ಆದರೆ ಇಡಿಟಿಎಯ ಕಾವಲು ತೆಗೆದ ಮೇಲೆ ಎಲ್‌ಡಿಎಲ್ ಬೇಗ ಕೆಡುತ್ತದೆ, ಆದ್ದರಿಂದ ಇಲ್ಲಿಂದ ಕಾಲಂವರೆಗೆ ಊಟದ ವಿರಾಮವಿಲ್ಲ.

ಹಂತ 6. ಬೊರೋನೇಟ್ ಕಾಲಂ

ಜೆಲ್ ಕೊಳ್ಳುವಾಗಲೇ ಅಗರೋಸ್ ಆಧಾರದ್ದನ್ನು ಆರಿಸಿ. ಎಲ್‌ಡಿಎಲ್ ಕಣದ ಅಡ್ಡಳತೆ ಸುಮಾರು 20 ನ್ಯಾನೋಮೀಟರ್. ಸಣ್ಣ ರಂಧ್ರದ ಮಣಿಗಳೊಳಗೆ ಅದು ಹೋಗಲಾರದು. ಹಿಮೋಗ್ಲೋಬಿನ್‌ಗೆ ಸೊಗಸಾಗಿ ಕೆಲಸ ಮಾಡುವ ಜೆಲ್ ಎಲ್‌ಡಿಎಲ್‌ಗೆ ಸೋಲುವುದು ಇದರಿಂದಲೇ.

ನಾವು ಅನುಸರಿಸುವ ಕ್ರಮ ಇದು. ಒಂದು ಮಿಲಿಲೀಟರ್ ಜೆಲ್ಲನ್ನು ಹತ್ತು ಮಿಲಿಲೀಟರ್ ಹಿಡಿಸುವ ಬಫರ್‌ನಿಂದ ಹದಗೊಳಿಸಿ, ಹೊರಬರುವ ಹನಿಯ ಪಿಎಚ್ 8.5 ಆಗಿದೆಯೇ ನೋಡಿ. ಮಾದರಿ 0.2 ಮಿಲಿಲೀಟರ್ ಹಾಕಿ, ಅದು ಜೆಲ್ ಒಳಗೆ ಇಳಿದ ಮೇಲೆ ಹರಿವನ್ನು ನಿಲ್ಲಿಸಿ ಹತ್ತು ನಿಮಿಷ ಬಿಡಿ. ಆಮೇಲೆ ಹತ್ತು ಮಿಲಿಲೀಟರ್ ಹಿಡಿಸುವ ಬಫರ್‌ನಿಂದ ತೊಳೆದು, ಬಂದದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಸಂಗ್ರಹಿಸಿ. ಇದು ಅಂಟದ ಭಾಗ. ಹೊಸ ಪಾತ್ರೆ ಇಟ್ಟು ಐದು ಮಿಲಿಲೀಟರ್ ಬಿಡಿಸುವ ಬಫರ್ ಹರಿಸಿ. ಇದು ಅಂಟಿದ ಭಾಗ. ಎರಡರ ಗಾತ್ರವನ್ನೂ ತೂಗಿ ತಿಳಿಯಿರಿ, ಪಾತ್ರೆಯ ಗೆರೆ ನೋಡಿ ಅಲ್ಲ.

ಕೋಣೆಯ ಶಾಖ ಬೆಳಿಗ್ಗೆ 22, ಮಧ್ಯಾಹ್ನ 30 ಆದರೆ ಹಿಡಿತವೂ ಬದಲಾಗುತ್ತದೆ. ಬೆಂಗಳೂರಿನ ಹವೆ ಹಿತವಾಗಿದೆ ಎಂಬ ನಂಬಿಕೆಯಲ್ಲಿ ಹವಾನಿಯಂತ್ರಣವಿಲ್ಲದೆ ಓಡಿಸುವ ಕಾಲ ಹೋಯಿತು. 22ರಿಂದ 24 ಡಿಗ್ರಿಯಲ್ಲಿ ನಿಲ್ಲಿಸಿ, ದಾಖಲಿಸಿ.

ಹೊಸ ಜೆಲ್ ಬಂದಾಗ ಮಾಡಲೇಬೇಕಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು, ಒಂದೇ ಮಾದರಿಯನ್ನು 50, 100, 200, 400 ಮೈಕ್ರೋಲೀಟರ್ ಪ್ರಮಾಣದಲ್ಲಿ ಹಾಕಿ ನೋಡುವುದು. ಶೇಕಡಾವಾರು ಬದಲಾಗಬಾರದು. ಹೆಚ್ಚು ಹಾಕಿದಂತೆ ಇಳಿಯುತ್ತಿದ್ದರೆ ಜೆಲ್ ತುಂಬಿದೆ. ಇಡೀ ಪ್ಲಾಸ್ಮಾ ಬಳಸುವವರು ಇದನ್ನು ತಪ್ಪಿಸಲೇಬಾರದು, ಏಕೆಂದರೆ ಗ್ಲೈಕೇಟೆಡ್ ಆಲ್ಬುಮಿನ್ ಕೂಡ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಎರಡನೆಯದು, ಮಾದರಿಗೂ ಹಿಡಿಸುವ ಬಫರ್‌ಗೂ ಮೊದಲೇ 200 ಮಿಲಿಮೋಲಾರ್ ಸಾರ್ಬಿಟಾಲ್ ಸೇರಿಸಿ ಓಡಿಸುವುದು. ಆಗ ಸಕ್ಕರೆಯ ಕಾರಣಕ್ಕೆ ಏನೂ ಅಂಟಬಾರದು. ಆದರೂ ಜೆಲ್ಲಿನಲ್ಲಿ ಅಪೊಬಿ ಉಳಿದುಕೊಂಡರೆ ಅದು ಕೊಬ್ಬಿನ ಕಣ ಸುಮ್ಮನೆ ಜಿಗುಟಿಕೊಂಡದ್ದು.

ಹಂತ 7. ಅಪೊಬಿ ಅಳತೆ

ಭಾಗಗಳ ಪ್ರೋಟೀನನ್ನು ಲೌರಿ ಅಥವಾ ಬಿಸಿಎ ವಿಧಾನದಲ್ಲಿ ಅಳೆಯಲು ಹೋಗಬೇಡಿ. ಅಮೋನಿಯಂ, ಟ್ರಿಸ್, ಇಡಿಟಿಎ ಮೂರೂ ಅವುಗಳ ಬಣ್ಣವನ್ನು ಕೆಡಿಸುತ್ತವೆ. ಎಲೈಸಾ ಬಳಸಿ.

ಪ್ಲಾಸ್ಮಾದಲ್ಲಿ ಅಪೊಬಿ ಡೆಸಿಲೀಟರಿಗೆ ಹತ್ತಾರು ಮಿಲಿಗ್ರಾಂ, ಎಲೈಸಾ ಓದುವುದು ನ್ಯಾನೋಗ್ರಾಂಗಳಲ್ಲಿ. ಸಾವಿರಗಟ್ಟಲೆ ಪಟ್ಟು ತೆಳುಗೊಳಿಸಬೇಕಾದ್ದರಿಂದ ಒಂದೇ ಹಾರಿಗೆ ಹೋಗದೆ ಮೂರು ಮೆಟ್ಟಿಲುಗಳಲ್ಲಿ ಮಾಡಿ. ಅಂಟಿದ ಭಾಗಕ್ಕೆ ಕಡಿಮೆ, ಅಂಟದ ಭಾಗಕ್ಕೆ ಹೆಚ್ಚು. ಪ್ರಮಾಣ ದ್ರಾವಣಗಳನ್ನೂ ಅಷ್ಟೇ ಸಾರ್ಬಿಟಾಲ್, ಇಡಿಟಿಎ ಇರುವ ದ್ರಾವಣದಲ್ಲೇ ತೆಳುಗೊಳಿಸಿ.

ಪ್ರತಿಕಾಯ ಲೈಸೀನ್ ಇರುವ ಜಾಗವನ್ನೇ ಗುರುತಿಸುವಂಥದ್ದಾದರೆ, ಸಕ್ಕರೆ ಅಂಟಿದ ಅಪೊಬಿಯನ್ನು ಅದು ಕಡಿಮೆ ಗುರುತಿಸುತ್ತದೆ. ಸಾಮಾನ್ಯ ಎಲ್‌ಡಿಎಲ್‌ಗೂ ಗ್ಲೈಕೇಟೆಡ್ ಎಲ್‌ಡಿಎಲ್‌ಗೂ ಬರುವ ರೇಖೆಗಳು ಸಮಾನಾಂತರವಾಗಿವೆಯೇ ಒಮ್ಮೆ ನೋಡಿ. ಪಾಲಿಕ್ಲೋನಲ್ (ಹಲವು ಜಾಗಗಳನ್ನು ಗುರುತಿಸುವ ಮಿಶ್ರ) ಪ್ರತಿಕಾಯದಲ್ಲಿ ಈ ತೊಂದರೆ ಕಡಿಮೆ.

ತಟ್ಟೆಯಲ್ಲಿ ಎಲ್ಲ ಕುಳಿಗಳೂ ಬಣ್ಣವಿಲ್ಲದೆ ನಿಂತರೆ ಸೋಡಿಯಂ ಅಜೈಡ್ ಎಲ್ಲಿಂದ ಬಂತು ಎಂದು ಹುಡುಕಿ. ಕಾಲಂ ಕಾಪಾಡಲು ಹಾಕಿದ ಅಜೈಡ್ ತೊಳೆಯದೆ ಉಳಿದರೆ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ.

ಹಂತ 8. ತಾಳೆ

ಈ ಒಂದು ಹಂತವನ್ನು ನಿಷ್ಠೆಯಿಂದ ಮಾಡಿದರೆ ಮೇಲಿನ ತಪ್ಪುಗಳಲ್ಲಿ ಹೆಚ್ಚಿನವು ತಾವಾಗಿಯೇ ಬಯಲಾಗುತ್ತವೆ. ಕಾಲಂಗೆ ಹಾಕಿದ ಅಪೊಬಿ ಎಷ್ಟು, ಅಂಟದೆ ಬಂದದ್ದು ಎಷ್ಟು, ಅಂಟಿ ಬಂದದ್ದು ಎಷ್ಟು, ಮೂರನ್ನೂ ಅಳೆಯಿರಿ. ಉದಾಹರಣೆಗೆ ಹಾಕಿದ್ದು 200 ಮೈಕ್ರೋಗ್ರಾಂ, ಅಂಟದ್ದು 176, ಅಂಟಿದ್ದು 8 ಎನ್ನಿ. ಹಿಂದಿರುಗಿದ ಒಟ್ಟು 184, ಅಂದರೆ ಶೇಕಡಾ 92. ಇದನ್ನು ಒಪ್ಪಬಹುದು. ಗ್ಲೈಕೇಟೆಡ್ ಭಾಗ 8ನ್ನು 184ರಿಂದ ಭಾಗಿಸಿದರೆ ಶೇಕಡಾ 4.3.

ಅದೇ ಮಾದರಿಯಲ್ಲಿ ಅಂಟದ್ದು 110, ಅಂಟಿದ್ದು 8 ಬಂದರೆ ಏನು? ಭಾಗಿಸಿದರೆ ಶೇಕಡಾ 6.8. ಮಧುಮೇಹ ಹೆಚ್ಚಾದಂತೆ ಕಾಣುತ್ತದೆ, ಆದರೆ 82 ಮೈಕ್ರೋಗ್ರಾಂ ಜೆಲ್ಲಿನಲ್ಲೇ ಹೂತುಹೋಗಿದೆ. ಅಂಟಿದ ಭಾಗವನ್ನು ಮಾತ್ರ ಅಳೆದು, ಉಳಿದದ್ದನ್ನು ಚೆಲ್ಲುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಹಾಕಿದ್ದರ ಶೇಕಡಾ 90ರಿಂದ 110ರ ಹೊರಗೆ ಬಂದ ಓಟವನ್ನು ನಾವು ದಾಖಲಿಸುತ್ತೇವೆ, ವರದಿ ಮಾಡುವುದಿಲ್ಲ. 110 ದಾಟಿದರೆ ಹಿಂದಿನ ಮಾದರಿ ಕಾಲಂನಲ್ಲಿ ಉಳಿದಿತ್ತು, ಇಲ್ಲವೇ ತೆಳುಗೊಳಿಸುವಾಗ ಪೈಪೆಟ್ ತಪ್ಪಿದೆ.

ಹಂತ 9. ನಿಯಂತ್ರಣ ಮಾದರಿಗಳು

ಪ್ರತಿ ಓಟದಲ್ಲಿ ಎರಡು ಇರಲಿ: ಮಧುಮೇಹವಿಲ್ಲದ ಹಲವರ ಪ್ಲಾಸ್ಮಾ ಬೆರೆಸಿದ್ದು ಒಂದು, ನೀವೇ ಗ್ಲೈಕೇಟ್ ಮಾಡಿದ ಎಲ್‌ಡಿಎಲ್ ಇನ್ನೊಂದು. ಎರಡನೆಯದಕ್ಕೆ ಎಲ್‌ಡಿಎಲ್ ಅನ್ನು 50 ಮಿಲಿಮೋಲಾರ್ ಗ್ಲೂಕೋಸ್ ಜೊತೆ, ಇಡಿಟಿಎ ಸೇರಿಸಿ, ಸೋಸಿ ಕ್ರಿಮಿರಹಿತಗೊಳಿಸಿ, ನೈಟ್ರೋಜನ್ ತುಂಬಿ, 37 ಡಿಗ್ರಿಯಲ್ಲಿ ಐದರಿಂದ ಏಳು ದಿನ ಇಡಿ. ಗ್ಲೂಕೋಸ್ ಇಲ್ಲದ ಜೋಡಿಯೊಂದನ್ನು ಪಕ್ಕದಲ್ಲೇ ಅಷ್ಟೇ ದಿನ ಇಡಬೇಕು. ಫ್ರಿಜ್‌ನಲ್ಲಿದ್ದ ಎಲ್‌ಡಿಎಲ್ ಅನ್ನು ಜೋಡಿಯೆಂದು ಬಳಸಿದರೆ ಶಾಖದ ಪರಿಣಾಮವೂ ಸಕ್ಕರೆಯ ಖಾತೆಗೆ ಸೇರುತ್ತದೆ.

ಅಗರೋಸ್ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಗ್ಲೈಕೇಟೆಡ್ ಎಲ್‌ಡಿಎಲ್ ಸ್ವಲ್ಪ ಮುಂದೆ ಓಡುತ್ತದೆ, ಏಕೆಂದರೆ ಲೈಸೀನ್‌ನ ಧನ ಆವೇಶ ಮುಚ್ಚಿಹೋಗಿರುತ್ತದೆ. ಆಕ್ಸಿಡೀಕರಣಗೊಂಡದ್ದೂ ಹೀಗೇ ಓಡುತ್ತದೆ. ಎರಡನ್ನೂ ಬೇರೆ ಮಾಡಲು ಟಿಬಿಎಆರ್‌ಎಸ್ ಪರೀಕ್ಷೆ ಮಾಡಿ, ಅದು ಕೊಬ್ಬಿನ ಆಕ್ಸಿಡೀಕರಣವನ್ನು ಅಳೆಯುತ್ತದೆ. ಅದು ಏರದೆ, ಬಿಡಿ ಲೈಸೀನ್ ಅಳೆಯುವ ಟಿಎನ್‌ಬಿಎಸ್‌ನಲ್ಲಿ ಬಿಡಿ ಲೈಸೀನ್ ಮಾತ್ರ ಇಳಿದಿದ್ದರೆ ನಿಮ್ಮ ನಿಯಂತ್ರಣ ಮಾದರಿ ಗೆದ್ದಿದೆ. ಬೇರ್ಪಡಿಸಿದ ಎಲ್‌ಡಿಎಲ್ ಅನ್ನು ಹಾಗೇ ಹೆಪ್ಪುಗಟ್ಟಿಸಬೇಡಿ, ಶೇಕಡಾ 10 ಸುಕ್ರೋಸ್ ಸೇರಿಸಿ ಇಡಿ. ಬಳಸುವ ದಿನ ಜಿ-25ರಿಂದ ಸುಕ್ರೋಸ್ ತೆಗೆಯುವುದನ್ನು ಮರೆಯಬೇಡಿ.

ಹಂತ 10. ವರದಿ ಮತ್ತು ಕಾಲಂ ಆರೈಕೆ

ಶೇಕಡಾವಾರನ್ನೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕವನ್ನೂ ಜೊತೆಗೇ ಕೊಡಿ. ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಒಟ್ಟು ಅಪೊಬಿ ಇಳಿಯುವುದರಿಂದ ಮಿಲಿಗ್ರಾಂ ಇಳಿದು ಶೇಕಡಾವಾರು ಹಾಗೇ ಉಳಿಯಬಹುದು. ಒಂದನ್ನೇ ಕೊಟ್ಟರೆ ಓದುವವರು ದಾರಿ ತಪ್ಪುತ್ತಾರೆ. ಬೇರೆ ವಿಧಾನದಲ್ಲಿ ಅಳೆದವರ ಅಂಕಿಗಳ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ಹೋಲಿಸಬೇಡಿ. ಪ್ರತಿಕಾಯವೇ ನೇರವಾಗಿ ಹಿಡಿಯುವ ಎಲೈಸಾ ಮತ್ತು ಬೊರೋನೇಟ್ ಎಣಿಸುವುದು ಒಂದೇ ಸಂಗತಿಯನ್ನಲ್ಲ.

ಈ ಅಂಕಿಯನ್ನು ರೋಗಿಯ ಕೈಗೆ ಚಿಕಿತ್ಸೆಯ ಆಧಾರವಾಗಿ ಕೊಡಬೇಡಿ. ಔಷಧಿ ನಿರ್ಧರಿಸಲು ವೈದ್ಯರಿಗೆ ಎಚ್‌ಬಿಎ1ಸಿ, ಎಲ್‌ಡಿಎಲ್ ಕೊಲೆಸ್ಟರಾಲ್ ಇವೆ. ದಾನಿಯಾಗಿ ಬಂದ ಹಿರಿಯರೊಬ್ಬರು ಫಲಿತಾಂಶ ಕೇಳಿದರೆ ಕುಳ್ಳಿರಿಸಿ, ಇದು ಸಂಶೋಧನೆಯ ಅಳತೆ, ಇದನ್ನು ನೋಡಿ ಮಾತ್ರೆ ಬದಲಿಸಬಾರದು ಎಂದು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ದಿನದ ಕೊನೆಗೆ ಕಾಲಂ ಅನ್ನು 0.1 ಮೋಲಾರ್ ಅಸಿಟಿಕ್ ಆಮ್ಲದಿಂದ ತೊಳೆದು, ನೀರು ಹಾಯಿಸಿ, ಶೇಕಡಾ 0.02 ಅಜೈಡ್‌ನಲ್ಲಿ 4 ಡಿಗ್ರಿಯಲ್ಲಿಡಿ. ಸೂಜಿಗಳು ಬಿಳಿ ಪಾರದರ್ಶಕ ಡಬ್ಬಿಗೆ, ರಕ್ತ ತಾಗಿದ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಹತ್ತಿ ಹಳದಿ ಚೀಲಕ್ಕೆ. ಅಜೈಡ್ ಇರುವ ದ್ರವವನ್ನು ಸಿಂಕಿಗೆ ಸುರಿಯಬೇಡಿ. ಅದು ತಾಮ್ರ, ಸೀಸದ ಕೊಳವೆಗಳಲ್ಲಿ ಸಿಡಿಯುವ ಲವಣಗಳನ್ನು ಮಾಡುತ್ತದೆ.

ಪ್ರತಿ ಕಾಲಂಗೂ ಒಂದು ಸಂಖ್ಯೆ ಕೊಟ್ಟು, ಎಷ್ಟು ಸಲ ಓಡಿತು, ಪ್ರತಿ ಸಲ ಶೇಕಡಾ ಎಷ್ಟು ಅಪೊಬಿ ಹಿಂದಿರುಗಿತು ಎಂದು ಒಂದು ಪುಟದಲ್ಲಿ ಬರೆಯುತ್ತಾ ಹೋಗಿ. ಆ ಅಂಕಿ ಸತತ ಮೂರು ಓಟಗಳಲ್ಲಿ ಇಳಿಮುಖವಾದರೆ ಜೆಲ್ ಬದಲಿಸಿ, ಹೊಸ ಜೆಲ್‌ಗೆ 6ನೇ ಹಂತದ ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಿ.